ಏನಿಲ್ರೀ, ಸಾಧಾರಣ

ಆ ಬೇಸಿಗೆ ಉದಗೀರದ ಕಲ್ಯಾಣಪ್ಪನ ಮನೆಯಲ್ಲಿ ಎರಡು ಒಣಗುತ್ತಿದ್ದವು. ಮಾಳಿಗೆಯ ಮೇಲೆ ಶಾವಿಗೆ, ಕೆಳಗೆ ಮಗಳು ಮೀನಲಳ ಗಂಟಲು. ಪುಣೆಯ ಒಂದು ವಿಶ್ವವಿದ್ಯಾಲಯಕ್ಕೆ ಹುಡುಗಿ ಅರ್ಜಿ ಹಾಕಿದ್ದಳು. ತನ್ನ ಬಗ್ಗೆ ತಾನೇ ಮಾತಾಡಿ ವೀಡಿಯೊ ಮಾಡಿ ಕಳಿಸಬೇಕಿತ್ತು. ಹಿಟ್ಟಿನ ಡಬ್ಬಿಗೆ ಫೋನ್ ಆನಿಸಿಟ್ಟು, ಇಂಗ್ಲಿಷಿನಲ್ಲಿ ಒಂದೇ ಮಾತನ್ನು ಹೇಳಿದ್ದೇ ಹೇಳಿದ್ದು. ಅವಳ ಅವ್ವ ಲಲಿತಾಬಾಯಿಗೆ ಅರ್ಥ ತಿಳಿಯದಿದ್ದರೂ ಧಾಟಿ ಬಾಯಿಪಾಠವಾಗಿ, ಪಲ್ಯಕ್ಕೆ ಒಗ್ಗರಣೆ ಹಾಕುವಾಗ ಅದನ್ನೇ ಗುನುಗುತ್ತಿದ್ದಳು.

ಮೀನಲ ಬಯಸಿದ್ದು ಹಣಕಾಸಿನ ಪದವಿ. ಅದರ ಜೊತೆಗೆ ಕರಿಯರ್ ಡೆವಲಪ್‌ಮೆಂಟ್ ಎಂಬ ವಿಭಾಗವೂ ಇತ್ತು. ಮೊದಲ ವರ್ಷದಿಂದಲೇ ರಜೆಯಲ್ಲಿ ಕಂಪನಿಗಳಿಗೆ ಕಳಿಸಿ ಕೆಲಸ ಕಲಿಸುತ್ತಾರೆ, ನಾಲ್ಕು ಜನರ ಮುಂದೆ ಕೂತು ಮಾತಾಡುವುದನ್ನು ಕಲಿಸುತ್ತಾರೆ. ಸೀಟು ಕಡಿಮೆ, ಕೇಳುವವರು ಬಹಳ.

“ಕರಿಯರ್ ಕಲಿಲಾಕ ಪುಣೆ ತನಕ ಯಾಕ ಹೋಗ್ಬೇಕು?” ಎಂದು ಬಟ್ಟೆ ಅಂಗಡಿಯ ಕಲ್ಯಾಣಪ್ಪ ಊಟಕ್ಕೆ ಕೂತಾಗ ಮಗಳನ್ನು ಕೆಣಕಿದ. “ನನ್ನ ದುಕಾನ್ದಾಗ ಬಂದು ಕೂಡು. ಗಿರಾಕಿ ಮುಂದ ನಾಕು ಸೀರಿ ಬಿಚ್ಚು. ಕರಿಯರ್ ತಾನೇ ಓಡಿ ಬರ್ತದ.”

“ಅಪ್ಪಾ, ನಿಮ್ಮ ದುಕಾನ್ದಾಗ ಸೀರಿ ಬಿಚ್ಚೋದು ಎಲ್ಲರಿಗೂ ಬರ್ತದ. ಮಡಚೋದು ಒಬ್ಬರಿಗೂ ಬರಂಗಿಲ್ಲ.”

ಕಲ್ಯಾಣಪ್ಪ ನಕ್ಕ. ಆದರೆ ಕೈ ತೊಳೆಯುವಾಗ ಮಾತು ಖಚಿತ ಮಾಡಿದ. “ನೋಡವ್ವಾ, ಅವರು ತೊಗೊಂಡ್ರ ಹೋಗು, ನಾ ಬ್ಯಾಡ ಅನ್ನಂಗಿಲ್ಲ. ತೊಗೊಳ್ಳಿಲ್ಲಂದ್ರ ಇಲ್ಲೇ ಬಿ.ಕಾಂ. ಮುಂದಿನ ವರ್ಷ ಮತ್ತ ಹಾಕ್ತೀನಿ ಅಂದ್ರ ನಡ್ಯಂಗಿಲ್ಲ.”

ಅರ್ಜಿ ಮುಗಿಯಿತು, ಪರೀಕ್ಷೆ ಮುಗಿಯಿತು, ಕೊನೆಗೆ ಒಂದೇ ಹೆಜ್ಜೆ ಉಳಿಯಿತು. ದೂರದ ಊರುಗಳಿಂದ ಬಂದ ಹುಡುಗಿಯರನ್ನು ಮನೆಯವರು ನಡುವೆಯೇ ವಾಪಸು ಕರೆಸಿಕೊಳ್ಳುತ್ತಾರೆಂದು, ಸೀಟು ಕೊಡುವ ಮೊದಲು ಆ ವಿಶ್ವವಿದ್ಯಾಲಯದವರು ಮನೆಯ ಒಬ್ಬರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಮೀನಲ ಅವ್ವನ ನಂಬರು ಕೊಟ್ಟಳು.

“ಅಪ್ಪನ್ದು ಕೊಟ್ರ ಅವರಿಗೇ ಎರಡು ಸೀರಿ ಮಾರಿ ಬಿಡ್ತಾರ. ಅವ್ವಾ, ನೀನೇ ಮಾತಾಡು. ನನ್ನ ಬಗ್ಗೆ ಕೇಳ್ತಾರ, ಇದ್ದದ್ದು ಇದ್ದಂಗ ಹೇಳು. ಸಾಕು.”

ಇದ್ದದ್ದು ಇದ್ದಂಗೆ ಹೇಳುವುದು ಆ ಮನೆಯಲ್ಲಿ ಅಷ್ಟು ಸುಲಭವಿರಲಿಲ್ಲ. ಮೀನಲ ವರ್ಷ ತುಂಬುವ ಮೊದಲೇ ನಡೆದಾಗ ಪಕ್ಕದ ಮನೆಯಾಕೆ ಬಾಯಿ ತುಂಬ ಹೊಗಳಿ ಹೋಗಿದ್ದಳು. ಅವತ್ತೇ ಸಂಜೆ ಕೂಸಿಗೆ ಜ್ವರ ಬಂತು. ಅಂದೇ ಲಲಿತಾಬಾಯಿಯ ಅತ್ತೆ, ಮೀನಲ ಆಯಿ ಎಂದು ಕರೆಯುವ ಅಜ್ಜಿ ಶಕುಂತಲಾಬಾಯಿ ಕಟ್ಟಪ್ಪಣೆ ಮಾಡಿದಳು, ಈ ಮನೆಯ ಹುಡುಗಿಯನ್ನು ಈ ಮನೆಯವರು ಹೊಗಳಕೂಡದು. ನೆದರು ಹತ್ತುತ್ತದೆ, ದೃಷ್ಟಿಯಾಗುತ್ತದೆ. ಹತ್ತನೆಯದರಲ್ಲಿ ಶಾಲೆಗೇ ಮೊದಲು ಬಂದಾಗಲೂ ಲಲಿತಾಬಾಯಿ ಓಣಿಯಲ್ಲಿ ಹೇಳಿದ್ದು ಇಷ್ಟೇ: “ಏನೋ, ಪಾಸಾಗ್ಯಾಳ್ರೀ.”

ಓಣಿಯವರಿಗೆ ಆ ಲೆಕ್ಕ ಗೊತ್ತಿತ್ತು. ತಾಯಿ “ಏನಿಲ್ರೀ” ಅಂದರೆ ಕೇಳಿದವರು “ಅಯ್ಯ, ಹಂಗ್ಯಾಕ ಅಂತೀರಿ, ಎಷ್ಟು ಶಾಣ್ಯಾ ಹುಡುಗಿ” ಎಂದು ತಾವೇ ತುಂಬಿಕೊಡುತ್ತಿದ್ದರು. ಹೊಗಳಿಕೆ ಅವರ ಪಾಲು, ಅಲ್ಲಗಳೆಯುವುದು ತಾಯಿಯ ಪಾಲು. ಹೆತ್ತವಳೇ “ನನ್ನ ಮಗಳು ಶಾಣ್ಯಾ” ಅಂದುಬಿಟ್ಟರೆ, ಪಾಪ, ಹುಡುಗಿಯಲ್ಲಿ ಏನೋ ಐಬಿದೆ ಎಂದು ಜನ ತಿಳಿಯುತ್ತಿದ್ದರು.

ಫೋನು ಬಂದದ್ದು ರೊಟ್ಟಿ ಬಡಿಯುವ ಹೊತ್ತಿಗೆ. ಮೀನಲ ಅಪ್ಪನಿಗೆ ಡಬ್ಬಿ ಕೊಡಲು ಅಂಗಡಿಗೆ ಹೋಗಿದ್ದಳು. ಲಲಿತಾಬಾಯಿ ಹಿಟ್ಟುಗೈಯ ಕಿರುಬೆರಳಿನಿಂದ ಒತ್ತಿ, ಸ್ಪೀಕರ್ ಮೇಲಿಟ್ಟಳು. ಹಿಂದಿಯಲ್ಲಿ ಮಾತಾಡುವ ಒಬ್ಬ ಮೇಡಂ, ಎಳೆಯ ದನಿ, ಬಹಳ ಮರ್ಯಾದೆ.

“ನಮಸ್ತೆ ಆಂಟೀ. ಮೀನಲ್ ಓದಿನಲ್ಲಿ ಹೇಗೆ?”

“ಏನಿಲ್ರೀ ಮೇಡಂ, ಸಾಧಾರಣ,” ಎಂದು ಲಲಿತಾಬಾಯಿ ತನ್ನ ಹಿಂದಿಯಲ್ಲಿ ಹೇಳಿದಳು. “ದೇವರು ಕಣ್ಣ ತೆರದ, ಪಾಸಾಗ್ಯಾಳ.”

“ಹಣದ ಜವಾಬ್ದಾರಿ ಕೊಟ್ಟರೆ ನಿಭಾಯಿಸುತ್ತಾಳೆಯೇ?”

“ಎಲ್ಲೀದ್ರೀ! ತನ್ನ ಪರ್ಸ್ ಎಲ್ಲಿ ಇಟ್ಟೀನಂತ ತನಗೇ ನೆಪ್ಪಿರಂಗಿಲ್ಲ.”

“ಮನೆ ಬಿಟ್ಟು ಇರಬಲ್ಲಳೇ?”

“ಸಣ್ಣ ಕೂಸ ಅದ ಇನ್ನಾ. ಆಯಿ ಸೆರಗ ಹಿಡ್ಕೊಂಡು ಮಲಗ್ತಾಳ.”

ಒಂದೊಂದು ಉತ್ತರಕ್ಕೂ ಆಚೆಯಿಂದ ಕೀಲಿಮಣೆಯ ಟಕಟಕ ಕೇಳುತ್ತಿತ್ತು. ಮೇಡಂ “ಅಯ್ಯ, ಹಂಗ್ಯಾಕ ಅಂತೀರಿ” ಎನ್ನಲಿಲ್ಲ. ಅದೊಂದು ಲಲಿತಾಬಾಯಿಗೆ ಚೂರು ವಿಚಿತ್ರವೆನಿಸಿತು. ಪುಣೆಯ ಪದ್ಧತಿ ಬೇರೆ ಇರಬೇಕು ಎಂದುಕೊಂಡಳು. ಫೋನಿಟ್ಟಾಗ ಅಡುಗೆಮನೆಯ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಶಕುಂತಲಾಬಾಯಿ ಮೆಚ್ಚಿ ತಲೆದೂಗಿದಳು.

“ಬರೋಬ್ಬರಿ ಹೇಳಿದಿ. ಕಣ್ಣು ಹತ್ತಲಾಕ ಒಂದು ಎಳಿ ಸುದ್ದಾ ಬಿಡಲಿಲ್ಲ.”

ಮೀನಲ ಬಂದಳು. ಲಲಿತಾಬಾಯಿ ಖುಷಿಯಿಂದಲೇ ಎಲ್ಲ ಒಪ್ಪಿಸಿದಳು, ಸೆರಗಿನ ಮಾತು ಕೂಡ. ಹೇಳುತ್ತಾ ಹೇಳುತ್ತಾ ಮಗಳ ಮುಖ ನೋಡಿದಳು. ಬಾಯಿ ತಾನಾಗಿ ನಿಂತಿತು.

“ಅವ್ವಾ,” ಎಂದಳು ಮೀನಲ ಮೆಲ್ಲಗೆ, “ಅವರು ಅದನ್ನೆಲ್ಲ ಬರ್ಕೊಂಡಾರ.”

“ಬರ್ಕೊಳ್ಳಿ,” ಎಂದಳು ಆಯಿ. “ಅದು ಖರೇ ಅಲ್ಲಂತ ತಿಳಿಯಂಗಿಲ್ಲೇನು ಅವರಿಗಿ? ಇಷ್ಟು ಸುದ್ದಾ ತಿಳೀಲಿಲ್ಲಂದ್ರ ನಿನಗ ಏನ್ ಕಲಿಸ್ತಾರ?”

“ಆಯಿ, ಅವರು ನಮ್ಮ ಓಣಿಯವರಲ್ಲ!”

ಅಷ್ಟೇ ಅಂದು ಹುಡುಗಿ ಶಾವಿಗೆ ತೆಗೆಯುವ ನೆವದಲ್ಲಿ ಮಾಳಿಗೆ ಹತ್ತಿದಳು. ಕೂಗಾಡಿದ್ದರೆ ಲಲಿತಾಬಾಯಿ ತಡೆದುಕೊಳ್ಳುತ್ತಿದ್ದಳು. ಮೇಲಿನಿಂದ ಸಪ್ಪಳವೇ ಇಲ್ಲ. ಶಾವಿಗೆ ತೆಗೆದರೆ ಕರಕರ ಅನ್ನಬೇಕು, ಅದೂ ಇಲ್ಲ.

ಹೆಂಚಿನ ಮೇಲಿನ ರೊಟ್ಟಿ ಕರಿದಾಯಿತು. ಲಲಿತಾಬಾಯಿ ಒಲೆ ಆರಿಸಿ, ಕೈ ತೊಳೆದು, ಆ ನಂಬರಿಗೆ ತಿರುಗಿ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಪಾತ್ರೆ ತೊಳೆದು ಬಂದು ಹಚ್ಚಿದಳು. ಅರಿಬಿ ಹಿಂಡಿಟ್ಟು ಬಂದು ಹಚ್ಚಿದಳು. ಕೊನೆಗೆ ಮೇಡಂ ಎತ್ತಿದಳು.

“ಮೇಡಂ, ಮುಂಜಾನಿ ನಾ ಹೇಳಿದ್ದು ಎಲ್ಲಾ ಅಳಿಸ್ರೀ. ಅದು ನಮ್ಮ ಕಡೆ ರೂಢಿ. ನೆದರು ಹತ್ತಬಾರ್ದಂತ ಹಂಗ ಅಂತೀವಿ. ಈಗ ಖರೇ ಹೇಳ್ತೀನಿ.”

“ಸರಿ, ಹೇಳಿ ಆಂಟೀ.”

ಹೇಳಬೇಕು. ನಾಲಿಗೆ ತಿರುಗಲೊಲ್ಲದು. ಹುಡುಗಿ ಹುಟ್ಟಿದಾಗಿನಿಂದ ಒಳಗೇ ಇಟ್ಟುಕೊಂಡದ್ದು ಒಮ್ಮೆಲೇ ಬಾ ಅಂದರೆ ಹೇಗೆ ಬಂದೀತು? ಬಾಗಿಲಲ್ಲಿ ಅತ್ತೆ ಬೇರೆ ಕಣ್ಣು ಕಿಸಿದು ನಿಂತಿದ್ದಳು.

“ಅಕಿ… ಅಕಿ ಛಲೋ ಇದ್ದಾಳ್ರೀ.”

“ಒಂದು ಉದಾಹರಣೆ ಕೊಡ್ತೀರಾ?”

ಉದಾಹರಣೆ ಕೇಳಿದ್ದು ಒಳ್ಳೆಯದಾಯಿತು. ಹೊಗಳುವುದು ಗೊತ್ತಿಲ್ಲದಿದ್ದರೂ ನಡೆದದ್ದು ಹೇಳುವುದು ಲಲಿತಾಬಾಯಿಗೆ ಗೊತ್ತಿತ್ತು.

“ನಮ್ಮ ಓಣಿಯಾಗ ಹೆಣ್ಮಕ್ಕಳ ಭಿಶಿ ಅದ್ರೀ. ತಿಂಗಳಾ ಎಲ್ಲರೂ ರೊಕ್ಕ ಕೂಡಿಸ್ತೀವಿ, ಚೀಟಿ ಎತ್ತಿ ಒಬ್ಬಾಕಿಗಿ ಕೊಡ್ತೀವಿ. ಯಾರಿಗಿ ಬ್ಯಾಡೋ ಅವರಿಗೇ ಚೀಟಿ ಹತ್ತೋದು. ಆಜೂಬಾಜು ಮನಿ ಮಯೂರಿ ಬಸರಿ, ದಿನ ತುಂಬಿ ಕೂತಿದ್ಳು, ಅಕಿಗಿ ಹತ್ತಲಿಲ್ಲ. ಆವಾಗ ಮೀನಲ ಅಂದ್ಳು, ಚೀಟಿ ಬಿಡ್ರಿ, ಗರಜ್ ಇದ್ದಾಕಿಗಿ, ರೊಕ್ಕ ಬೇಕಾದಾಕಿಗಿ ಮೊದಲ ಕೊಡ್ರಿ ಅಂತ. ಆದ್ರ ನನಗ ಗರಜ್ ಅದ ಅಂತ ನಾಕು ಮಂದ್ಯಾಗ ಯಾರ್ ಬಾಯಿ ಬಿಡ್ತಾರ್ರೀ? ನಾಚ್ಗಿ. ಅದಕ್ಕ ಅಕಿನೇ ಅಂದ್ಳು, ನನ್ನ ಕಿವ್ಯಾಗ ಹೇಳ್ರಿ, ನಾ ಯಾರಿಗೂ ಹೇಳಂಗಿಲ್ಲ ಅಂತ. ಈಗ ಹಂಗೇ ನಡದದ, ರೊಕ್ಕ ಸುದ್ದಾ ಅಕಿನೇ ಗುಟ್ಟಿಲೆ ಮುಟ್ಟಿಸ್ತಾಳ. ಯಾರು ಯಾಕ ಕೇಳಿದ್ರು ಅಂತ ಹೆತ್ತ ತಾಯಿ ನನಗೂ ಹೇಳಿಲ್ಲ. ಕೆದಕಿ ಕೆದಕಿ ಕೇಳೀನಿ, ಹೇಳಿಲ್ಲ.”

“ನನ್ದೂ ಹೇಳಿಲ್ಲ,” ಎಂದಿತು ಬಾಗಿಲು.

ಲಲಿತಾಬಾಯಿ ತಿರುಗಿದಳು. ಶಕುಂತಲಾಬಾಯಿ ಬೆಳ್ಳುಳ್ಳಿಯ ಬುಟ್ಟಿಯೊಂದಿಗೆ ಒಳಗೆ ಬಂದು, ಫೋನಿಗೆ ಬಗ್ಗಿ, ನಿಜಾಮರ ಕಾಲದಿಂದ ಆ ಕಡೆ ಉಳಿದುಕೊಂಡ ತನ್ನ ಗಟ್ಟಿ ಹಿಂದಿಯಲ್ಲಿ ಶುರು ಮಾಡಿದಳು.

“ನಾ ಅಕಿ ಆಯಿ ಮಾತಾಡ್ಲತ್ತೀನಿ. ಹೋದ ದೀಪಾವಳಿಗಿ ನಾನೂ ಭಿಶಿ ಪಾಳಿ ಮೊದಲ ತೊಗೊಂಡೀನಿ. ಲೋಹಾರಾ ಊರಾಗ ನನ್ನ ತಂಗಿ ಕಣ್ಣಿನ ಆಪರೇಶನ್ ಇತ್ತು. ಮಗನ ಮುಂದ ಕೈ ಚಾಚಲಾಕ ಮನಸ್ಸಾಗಲಿಲ್ಲ. ಹುಡುಗಿ ಕಿವ್ಯಾಗ ಹೇಳಿದೆ. ಈ ಮನ್ಯಾಗ ಇವತ್ತಿನ ತನಕ ಗಾಳಿಗಿ ಸುದ್ದಾ ಗೊತ್ತಿಲ್ಲ.”

“ಅತ್ತೀ! ನೀವ್ ಯಾವಾಗ…?” ಎಂದಳು ಲಲಿತಾಬಾಯಿ.

“ನೀ ಸುಮ್ಮನಿರು. ಮೇಡಂ, ಬರದ್ರೇನು? ಸೆರಗಿಂದು ಸುಳ್ಳು ಅಂತ ಅದೂ ಬರೀರಿ. ನಾನೇ ಅಕಿ ಚಾದರ ಎಳ್ಕೊಂಡು ಮಲಗ್ತೀನಿ.”

ಮೇಡಂ ನಕ್ಕಳು. ಆಮೇಲೆ ದನಿ ತಗ್ಗಿಸಿ ಕೊನೆಯ ಪ್ರಶ್ನೆ ಕೇಳಿದಳು. “ಆಂಟೀ, ಅಲ್ಲಿ ಕಷ್ಟವಾಗಿ ಅವಳು ಅತ್ತು ಫೋನ್ ಮಾಡಿದರೆ ಏನು ಮಾಡುತ್ತೀರಿ? ಬೆಳಿಗ್ಗೆ ನಿಮ್ಮ ಮಾತು ಕೇಳಿ, ನಿಮಗೆ ಕಳಿಸುವ ಮನಸ್ಸೇ ಇಲ್ಲ ಅಂದುಕೊಂಡಿದ್ದೆ.”

ಲಲಿತಾಬಾಯಿ ಯೋಚಿಸಿದಳು. ಇದಕ್ಕೆ ಮಾತ್ರ ನಡೆದ ಉದಾಹರಣೆ ಇರಲಿಲ್ಲ.

“ಅಕಿ ಅತ್ರ ನಾನೂ ಅಳ್ತೀನ್ರೀ. ಇಬ್ಬರೂ ಹೊಟ್ಟಿ ತುಂಬ ಅತ್ತ ಮ್ಯಾಲ, ಊಟ ಏನ್ ಮಾಡಿದಿ ಕೇಳ್ತೀನಿ. ಹೊಳ್ಳಿ ಬಾ ಅಂತ ನಾ ಅನ್ನಂಗಿಲ್ಲ. ಅಕಿ ಬರ್ತೀನಿ ಅಂದ್ರ ಪುಣೆಕ್ಕ ನಾನೇ ಬರ್ತೀನಿ. ರೊಟ್ಟಿ ಕಟ್ಕೊಂಡು.”

ಕೀಲಿಮಣೆ ಟಕಟಕ ಅಂದಿತು. ಅದೇ ಹೊತ್ತಿಗೆ ಮಾಳಿಗೆಯ ಮೆಟ್ಟಿಲ ಮೇಲೆ ಯಾರೋ ಮೂಗು ಒರೆಸಿಕೊಂಡ ಸದ್ದು.

ಫೋನಿಟ್ಟ ಮೇಲೆ ಶಕುಂತಲಾಬಾಯಿ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೊಮ್ಮಗಳ ಸುತ್ತ ನಿವಾಳಿಸಿ, ಒಲೆ ಹೊತ್ತಿಸಿ ಅದಕ್ಕೆ ಹಾಕಿದಳು. ಮೂವರೂ ಕೆಮ್ಮಿದ್ದೇ ಕೆಮ್ಮಿದ್ದು. ಅಳುವಿಗೂ ಘಾಟಿಗೂ ಒಂದೇ ಬಣ್ಣ ಬಂದಿದ್ದರಿಂದ ಯಾರೂ ಯಾರನ್ನೂ ಕೇಳಲಿಲ್ಲ.

ಸೀಟು ಸಿಕ್ಕ ಮೇಲ್ ಬಂದಾಗ ಕಲ್ಯಾಣಪ್ಪ ಅಂಗಡಿಯಲ್ಲಿ ಮದುವೆ ಜವಳಿಯವರ ಮುಂದೆ ಸೀರೆ ಹರಡಿಕೊಂಡು ಕೂತಿದ್ದ. ಮಗಳೇ ಓಡಿ ಹೋಗಿ ತೋರಿಸಿದಳು. ಅವನು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ಓದಿದ. ಕೊಟ್ಟ ಮಾತು ಕೊಟ್ಟ ಮಾತೇ. ಆದರೂ ಎದ್ದು ನಿಂತು, ಯಾರೂ ಕೇಳದಿದ್ದರೂ, ಎಲ್ಲ ಸೀರೆಗಳನ್ನೂ ಒಂದೊಂದಾಗಿ ತಾನೇ ಮಡಚತೊಡಗಿದ. ಗಿರಾಕಿಗಳು ತಾವು ಏನಾದರೂ ಅಂದೆವೇನೋ ಎಂದು ಗಾಬರಿಯಾದರು.

ಅವತ್ತು ಸಂಜೆ ಮೀನಲ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಳು.

“ಅವ್ವಾ, ಆ ಮೇಡಂಗ ಹೇಳಿದಿ ಅಲ್ಲ, ಮೆಟ್ಟಲ ಮ್ಯಾಲ ನನಗ ಅರ್ಧಾ ಕೇಳಿಸ್ತು. ಪೂರಾ ಹೇಳು.”

“ಹೋಗ ಅತ್ತಾಗ. ಎದುರಿಗಿ ನಿಲ್ಲಿಸ್ಕೊಂಡು ಹ್ಯಾಂಗ ಹೇಳ್ಲಿ, ಹುಚ್ಚಿ? ನನಗ ಬರಂಗಿಲ್ಲ.”

ಹುಡುಗಿ ಕದಲಲಿಲ್ಲ. ಲಲಿತಾಬಾಯಿ ಹಿಟ್ಟು ನಾದಿದಳು, ನೀರು ಚಿಮುಕಿಸಿದಳು, ಇನ್ನೊಮ್ಮೆ ನಾದಿದಳು.

“ಮ್ಯಾಲ ಹೋಗಿ ಫೋನ್ ಹಚ್ಚು,” ಎಂದಳು ಕಡೆಗೆ.

ಮೀನಲ ಒಂದೊಂದು ಮೆಟ್ಟಿಲು ಬಿಟ್ಟು ಹಾರಿದಳು. ಫೋನು ರಿಂಗಾಯಿತು. ಲಲಿತಾಬಾಯಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಅತ್ತೆಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿ ಫೋನೆತ್ತಿದಳು.

“ಕೇಳು,” ಎಂದಳು. “ನಡುವ ನಗಬ್ಯಾಡ.”