ಯಾನೆ ಲತುಲಿಪ್

ಹೋದ ಬೇಸಿಗೆಯಲ್ಲಿ ಅಮೆರಿಕದ ಲೋವೆಲ್ ಕಡೆಯಿಂದ ಗಂಡ ಹೆಂಡತಿ ಗಡಿ ದಾಟಿ ಕಾರಿನಲ್ಲಿ ಬಂದಿದ್ದರು. ಆತನ ಅಜ್ಜಿ ನಮ್ಮೂರಿಂದ ಅಲ್ಲಿಯ ಗಿರಣಿಗೆ ಕೆಲಸಕ್ಕೆ ಹೋದವಳಂತೆ. ನಾನು ಚರ್ಚಿನ ಹಿಂದೆ ಅಮ್ಮನ ಸಮಾಧಿಯ ಹುಲ್ಲು ಕೀಳುತ್ತಿದ್ದೆ.

"ತಾತ, ಈ ಊರಲ್ಲಿ ಲತುಲಿಪ್ ಮನೆಯವರು ಯಾರಾದ್ರೂ ಇದಾರಾ?" ಎಂದ.

ಸುಲಭದ ಪ್ರಶ್ನೆ. ಆದರೂ ಕೈಯ ಮಣ್ಣನ್ನು ನಿಧಾನಕ್ಕೆ ಒರೆಸಿಕೊಳ್ಳುತ್ತ ಎದ್ದೆ.

ದಮಾಸ್ ಲತುಲಿಪ್ ನನ್ನ ತಾಯಿಯ ತಂದೆ. ಅವನಿಗೆ ಗಂಡುಮಕ್ಕಳಿರಲಿಲ್ಲ. ಮಗಳ ಮದುವೆಯಲ್ಲಿ ಹೊಲ, ಮನೆ, ಕುದುರೆ ಎಲ್ಲವನ್ನೂ ನನ್ನಪ್ಪ ಒನೆಸಿಮ್ ಜೆಂಗ್ರಾನ ಕೈಗೆ ಕೊಟ್ಟು, ತಾನು ಒಲೆ ಪಕ್ಕದ ಕೋಣೆಗೆ ಸರಿದ. ಕೇಳಿದ್ದು ಒಂದೇ. ಮೊದಲ ಗಂಡುಮಗುವಿಗೆ 'ಜೆಂಗ್ರಾ ಯಾನೆ ಲತುಲಿಪ್' ಎಂದು ಮನೆತನದ ಹೆಸರು ಬರೆಸಬೇಕು. ಗಂಡು ಸಂತಾನ ಇಲ್ಲದವರ ಹೆಸರು ನಮ್ಮಲ್ಲಿ ಹಾಗೇ ಉಳಿದುಕೊಂಡು ಬಂದಿರುವುದು. ಅಪ್ಪ ಅವನ ಕೈ ಹಿಡಿದು ಒಪ್ಪಿಕೊಂಡ.

ನಾನು ಹುಟ್ಟಿದ್ದು ಹಿಮದ ಕಾಲದಲ್ಲಿ. ಮಗುವಿನ ಹೆಸರನ್ನು ಚರ್ಚಿನ ಪುಸ್ತಕಕ್ಕೆ ಬರೆಸುವ ದೀಕ್ಷಾಸ್ನಾನಕ್ಕೆ ಬಾಣಂತಿ ಹೋಗುವಂತಿಲ್ಲ. ತಾತನಿಗೆ ಕಾಲು ಊದಿತ್ತು. ಅಪ್ಪ, ದೊಡ್ಡಪ್ಪ ತೆಲೆಸ್ಫೋರ್, ದೊಡ್ಡಮ್ಮ ನನ್ನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹಿಮಗಾಡಿಯಲ್ಲಿ ಹೋಗಿ ನೀರು ಹಾಕಿಸಿ ತಂದರು.

"ಹೆಸರು ಹೇಳಿದ್ಯಾ ಒನೆಸಿಮ್?" ಎಂದು ತಾತ ಬಾಗಿಲಲ್ಲೇ ಕೇಳಿದನಂತೆ.

"ಹೇಳ್ದೆ ಮಾವ."

ನನಗೆ ಇಟ್ಟ ಹೆಸರು ಡೆಲ್ಫಿಸ್; ತಾತ ಮಾತ್ರ ಅಂದಿನಿಂದ ಮನೆತನದ ಹೆಸರು ಹಿಡಿದೇ ಕರೆಯುತ್ತಿದ್ದ. "ಲತುಲಿಪ್, ಬಾರೋ ಇಲ್ಲಿ. ಲತುಲಿಪ್, ಸಾರು ಚೆಲ್ಲಬೇಡ್ವೋ." ಎದುರಿಗೆ ಕೂತ ಅಪ್ಪ ರೊಟ್ಟಿ ಅಗಿಯುತ್ತಿದ್ದ. ಅಷ್ಟು ವರ್ಷವೂ ಅಗಿಯುತ್ತಲೇ ಇದ್ದ.

ಚರ್ಚಿನಲ್ಲಿ ನಮ್ಮ ವಯಸ್ಸಿನ ಹುಡುಗರಿಗೆಲ್ಲ ಮೊದಲ ಪರಮಪ್ರಸಾದ ಕೊಡುವ ದಿನ ಪಾದ್ರಿಗಳು ಒಬ್ಬೊಬ್ಬರನ್ನೇ ಕೂಗಿದರು. "ಡೆಲ್ಫಿಸ್ ಜೆಂಗ್ರಾ!" ನಾನು ಏಳಲಿಲ್ಲ. ಮತ್ತೆ ಕೂಗಿದರು.

"ನಾನು ಲತುಲಿಪ್, ಸ್ವಾಮಿ," ಎಂದೆ. ಹುಡುಗರೆಲ್ಲ ಕಿಸಕ್ಕನೆ ನಕ್ಕರು.

"ಬರೀ ಜೆಂಗ್ರಾ ಕಣಪ್ಪ ನೀನು. ನೀರು ಹಾಕಿದವನು ನಾನೇ, ಹೇಳಿದವನು ನಿನ್ನಪ್ಪನೇ. ಎದ್ದು ಬಾ."

ತಿರುಗಿ ನೋಡಿದೆ. ತಾತ ಅಪ್ಪನನ್ನು ನೋಡುತ್ತಿದ್ದ. ಅಪ್ಪ ತನ್ನ ಟೋಪಿಯನ್ನು ನೋಡುತ್ತಿದ್ದ.

ಪೂಜೆ ಮುಗಿದು ಮೆಟ್ಟಿಲ ಮೇಲೆ ದೊಡ್ಡಪ್ಪ ಎಲ್ಲರಿಗೂ ಕೇಳುವಂತೆ ನಕ್ಕ. "ಅವತ್ತು ನೀರು ಹಾಕ್ಸೋಕೆ ಹೋಗ್ವಾಗ ಗಾಡೀಲಿ ನಾನೇ ಅಂದಿದ್ದು. ಮನೆ ಅಳಿಯ ಆಗಿದ್ದು ಸಾಲದು ಅಂತ ಹೆಸರನ್ನೂ ಮಾವನ ಗೂಟಕ್ಕೆ ಕಟ್ತೀಯೇನೋ ಅಂತ! ಅವನಿಗೂ ರೋಷ ಬಂತು."

ಮನೆಗೆ ಬಂದು ಅಮ್ಮ ಶಾಲು ಸಹ ತೆಗೆಯಲಿಲ್ಲ. "ಈಗಲೇ ಹೋಗಿ ಸರಿ ಮಾಡಿಸ್ಕೊಂಡು ಬನ್ನಿ."

"ಊರೆಲ್ಲ ನಗುತ್ತೆ ಕಣೇ."

"ಇಷ್ಟು ವರ್ಷ ನಮ್ಮಪ್ಪ ಇವನನ್ನ ಲತುಲಿಪ್ ಅಂತ ಕರೀತಿದ್ದಾಗ ನಿಮಗೆ ನಗು ಬರ್ತಿತ್ತಾ?"

ತಾತ ನಡುವೆ ಬಂದ. "ಬಿಡಮ್ಮ. ಮನಸ್ಸಿಲ್ಲದೆ ಕೊಟ್ಟಿದ್ದು ನನಗೆ ಬೇಡ."

ನಮ್ಮಲ್ಲಿ ಹೊಸ ವರ್ಷದ ಬೆಳಿಗ್ಗೆ ಮನೆಯವರೆಲ್ಲ ಹಿರಿಯನ ಮುಂದೆ ಮಂಡಿಯೂರಿ ಆಶೀರ್ವಾದ ಕೇಳಬೇಕು. ಆ ಸಲವೂ ಎಂದಿನಂತೆ ತಾತ ಒಲೆ ಪಕ್ಕ ಕೂತ. ಅಮ್ಮನ ತಲೆ ಮೇಲೆ ಕೈಯಿಟ್ಟ. ಆಮೇಲೆ ಅಪ್ಪ ತಲೆ ಬಗ್ಗಿಸಿದ. ತಾತ ಎತ್ತಿದ ಕೈ ಹಾಗೇ ತನ್ನ ಮಂಡಿಗೆ ಇಳಿಯಿತು.

"ಹೊಲ ಕೊಟ್ಟೆ, ಮನೆ ಕೊಟ್ಟೆ, ಮಗಳನ್ನೂ ಕೊಟ್ಟೆ. ಇದೊಂದು ನನ್ನ ಹತ್ರಾನೇ ಇರಲಿ, ಒನೆಸಿಮ್."

ಅಪ್ಪ ಎದ್ದು ಕೊಟ್ಟಿಗೆಗೆ ಹೋದ. ನಾನು ಮುಂದೆ ಜರುಗಿ ಕಣ್ಣು ಮುಚ್ಚಿದೆ. ತಾತನ ಕೈ ನನ್ನ ತಲೆ ಮೇಲೆ ಕೂತಿತು, ಬೆಚ್ಚಗೆ, ಭಾರವಾಗಿ. ಲತುಲಿಪ್ ಎನ್ನುತ್ತಾನೆ ಎಂದು ಕಾದೆ.

"ದೇವರು ನಿನ್ನ ಚೆನ್ನಾಗಿಟ್ಟಿರಲಿ, ಡೆಲ್ಫಿಸ್ ಜೆಂಗ್ರಾ," ಎಂದ.

ಆಮೇಲೂ ಅವನು ಬಹಳ ಕಾಲ ಬದುಕಿದ್ದ, ನನ್ನ ಮೇಲಿನ ಅಕ್ಕರೆಯೂ ಹಾಗೇ ಇತ್ತು. ಲತುಲಿಪ್ ಎಂದು ಮಾತ್ರ ಇನ್ನೊಮ್ಮೆ ಕರೆಯಲಿಲ್ಲ.

ಲೋವೆಲ್‌ನವರು ಕಾಯುತ್ತ ನಿಂತಿದ್ದರು. ನಾನು ಅಮ್ಮನ ಪಕ್ಕದಲ್ಲಿದ್ದ ತಾತನ ಕಲ್ಲು ತೋರಿಸಿದೆ. "ಇವನೇ ಕೊನೆಯವನು. ಆಮೇಲೆ ಯಾರೂ ಇಲ್ಲ."

"ನೀವು ಇವರಿಗೆ ಏನಾಗಬೇಕು?"

"ನಾನು ಜೆಂಗ್ರಾ," ಎಂದು ಹೇಳಿ ಮತ್ತೆ ಹುಲ್ಲು ಕೀಳಲು ಬಗ್ಗಿದೆ.