ಗಿರಣಿ ಗೇಟಿನ ರೊಟ್ಟಿ

ಮೂರನೆಯ ದಿನವೂ ರೊಟ್ಟಿ ಉಳಿದರೆ ವ್ಯಾಪಾರ ನಿಲ್ಲಿಸಬೇಕೆಂದು ಗಂಡ ಮೈಲಪ್ಪ ಹೇಳಿಬಿಟ್ಟಿದ್ದ. ದುರುಗವ್ವ ಮೂರನೆಯ ದಿನಕ್ಕೂ ಅಷ್ಟೇ ರೊಟ್ಟಿ ಬಡಿದಿದ್ದಳು.

ಹತ್ತಿ ಗಿರಣಿಯ ಸಾಲುಮನೆಗಳಲ್ಲಿ ಗಂಡ ಹೆಂಡಿರಿಬ್ಬರೂ ಸೈರನ್ನಿಗೆ ಓಡುವವರು. ಮಧ್ಯಾಹ್ನ ಒಲೆ ಹಚ್ಚುವವರಿಲ್ಲ. ದೊಡ್ಡವರಿಗೂ ಮಕ್ಕಳಿಗೂ ಮಂಡಕ್ಕಿ, ಚಹಾ, ಮತ್ತೆ ಮಂಡಕ್ಕಿ. ತಮ್ಮ ಹಳ್ಳಿ ಕುಕ್ಕುವಾಡದಲ್ಲಿ ಜೋಳದ ಚೀಲ ಹೂವಿನಂತೆ ಹೊರುತ್ತಿದ್ದ ಮೈಲಪ್ಪ ದಾವಣಗೆರೆಗೆ ಬಂದ ಎರಡೇ ವರ್ಷಕ್ಕೆ ಗಿರಣಿಯ ಮಗ್ಗದ ಮುಂದೆ ತಲೆಸುತ್ತಿ ಬಿದ್ದಿದ್ದ. ಅಂದೇ ದುರುಗವ್ವ ರೊಟ್ಟಿ ಮಾರಲು ನಿಶ್ಚಯಿಸಿದ್ದಳು. ಹರಿಹರದ ಹೊಳೆದಂಡೆಯಿಂದ ಖಾಜಾ ಹುಸೇನ್ ಬೆಳಗಿನ ರೈಲಿಗೆ ತರುವ ಪುಂಡಿಸೊಪ್ಪು ಕೊಂಡು, ಬೇಳೆ ಹಾಕಿ ಬೇಯಿಸಿ, ರೊಟ್ಟಿ ಬಡಿದು ಗೇಟಿನೆದುರು ಕೂತಳು. ಪೇಟೆಯ ಜನ ಎಂದು ಹೊಸ ಪಿಂಗಾಣಿ ತಟ್ಟೆಗಳನ್ನೂ ಜೋಡಿಸಿದಳು.

ಎರಡು ದಿನ ಬಂದವರೆಲ್ಲ ತಟ್ಟೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, ಮಂಡಕ್ಕಿ ಅಂಗಡಿಗೆ ನಡೆದರು. ಯಾಕೆಂದು ಬಾಯಿಬಿಟ್ಟು ಹೇಳಿದವನು ಮೈಲಪ್ಪನ ಜೊತೆಗಾರ ಬಕ್ಕೇಶಪ್ಪ, ಮೂರನೆಯ ದಿನ.

"ದುರುಗವ್ವಾ, ಈ ತಟ್ಯಾಗೆ ನನಗಿಂತ ಮುಂಚೆ ಯಾರುಂಡ್ರು?"

"ಯಾರೂ ಉಂಡಿಲ್ಲಪ್ಪ. ಅದೇ ನನ್ನ ಗೋಳು!"

ಸುತ್ತಲಿನವರು ನಕ್ಕರು. ತಟ್ಟೆಗೆ ಮಾತ್ರ ಯಾರೂ ಕೈಹಾಕಲಿಲ್ಲ.

ದುರುಗವ್ವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಜೋಳ ಕೊಯ್ಯುವಾಗ ಬದುವಿನ ಮೇಲೆ ಯಾವ ಜಾತಿಯ ಯಾವ ಆಳು ತಟ್ಟೆ ಕೇಳಿದ್ದ? ತಟ್ಟೆಗಳನ್ನೆಲ್ಲ ಚೀಲಕ್ಕೆ ತುರುಕಿ ಎದ್ದುನಿಂತಳು. ಹೊಲದ ಆ ತುದಿಯವರನ್ನು ಕೂಗುವ ದನಿ ತಾನಾಗಿ ಬಂತು.

"ಕೈ ಒಡ್ರಿ! ರೊಟ್ಟೀನೇ ತಟ್ಟೆ. ಪಲ್ಯ ಮುಗಿದ ಮ್ಯಾಲೆ ತಟ್ಟೇನೂ ತಿಂದುಬಿಡ್ರಿ!"

ಮೊದಲು ಕೈ ಒಡ್ಡಿದವಳು ತಲೆತುಂಬ ಹತ್ತಿಯ ಎಳೆ ಮೆತ್ತಿಕೊಂಡಿದ್ದ ಯಲ್ಲಕ್ಕ. "ನನಗೆ ಮೂರು ಹಾಕು ತಾಯಿ. ಒಂದು ನಂದು, ಎರಡು ಹುಡುಗರಿಗೆ." ಅವಳ ಹಿಂದೆ ಬಕ್ಕೇಶಪ್ಪ, ಅವನ ಹಿಂದೆ ಮಸ್ತಾನಸಾಬ್. ಸಾಲು ಗೇಟು ದಾಟಿತು. ಮುಂದಿನವರು ಯಾರೆಂದು ಈಗ ಯಾರೂ ನೋಡಲಿಲ್ಲ. ತಮ್ಮ ಪಾಳಿ ಬರುವಷ್ಟರಲ್ಲಿ ಬುಟ್ಟಿ ಖಾಲಿಯಾದೀತೇ ಎಂದಷ್ಟೇ ಇಣುಕಿದರು.

ಮೈಲಪ್ಪ ಪಕ್ಕದಿಂದ ನುಸುಳಿ ಬಂದ. "ನನಗೊಂದು ಕೊಡೇ, ಸೈರನ್ ಆಗ್ತೈತೆ."

"ಸಾಲಿಗೆ ಬರ್ರಿ," ಎಂದಳು ತಿರುಗಿಯೂ ನೋಡದೆ.

ಅವನು ಹೋಗಿ ಕೊನೆಯಲ್ಲಿ ನಿಂತ. ಬಕ್ಕೇಶಪ್ಪ ಬಾಯಿತುಂಬ ರೊಟ್ಟಿ ಇಟ್ಟುಕೊಂಡೇ ಕೆಣಕಿದ: "ಏನಲೇ ಮೈಲಪ್ಪ, ಮನೆ ಯಜಮಾನಂಗೂ ಸಾಲೇನಲೇ?"

"ಯಾಕ, ಕಣ್ಣು ಕಾಣಲ್ವಾ?" ಮೈಲಪ್ಪ ಎದೆಯೆತ್ತಿ, ಮುಂದಿನ ಅಷ್ಟೂ ತಲೆಗಳನ್ನು ತೋರಿಸಿದ. "ನನ್ನ ಹೆಂಡ್ತಿ ನಿಲ್ಲಿಸಿದ ಸಾಲಲೇ ಇದು!"