ಗೋಡೆಯಿಲ್ಲದ ಬಾಗಿಲು

"ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು ನೀನು. ವಿಮರ್ಶೆ ಅಂದ್ರೆ ತಿನ್ನೋದೋ ಕುಡಿಯೋದೋ ಗೊತ್ತೇನಯ್ಯ ನಿನಗೆ? ಹೋಗು, ಹೋಗಿ ಸ್ಪ್ಯಾನರ್ ಹಿಡಿ!"

ವಾರಪತ್ರಿಕೆಯ ಸಂಪಾದಕರು ಇಷ್ಟನ್ನೂ ಹೆಣದ ಮುಂದೆ ನಿಂತು, ಇಪ್ಪತ್ತು ಜನರ ಎದುರಿಗೆ, ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದರು. ಗ್ಯಾರೇಜಿನಿಂದ ಎದ್ದು ಹಾಗೇ ಓಡಿಬಂದಿದ್ದ ಅಳಿಯನ ಕಿವಿ ಕಾದ ಕಬ್ಬಿಣವಾಯಿತು.

ಸತ್ತವರು ಅವನ ಸೋದರಮಾವ, ಬೀಗ ರಿಪೇರಿಯವರು. ಮನೆ ಚಿಕ್ಕದಾದ್ದರಿಂದ ಅವರನ್ನು ಅಂಗಡಿಯಲ್ಲೇ, ಅರ, ಸುತ್ತಿಗೆ, ಕೀಲಿಕೈ ಗೊಂಚಲುಗಳ ಮಧ್ಯೆ ಚಾಪೆಯ ಮೇಲೆ ಮಲಗಿಸಿದ್ದರು. ಅಂಗಡಿಯ ನಟ್ಟನಡುವೆ, ಅಕ್ಕಪಕ್ಕ ಗೋಡೆಯೇ ಇಲ್ಲದೆ, ಚೌಕಟ್ಟಿನ ಸಮೇತ ಒಂದು ಬಾಗಿಲು ನಿಂತಿತ್ತು. ಬಂದವರೆಲ್ಲ ಅದನ್ನು ಬಳಸಿಕೊಂಡು ಹೆಣದ ಬಳಿಗೆ ಹೋಗುತ್ತಿದ್ದರು.

ಅಳಿಯ ಹೇಳಿದ್ದಾದರೂ ಏನು? "ಪಾಪ, ನಮ್ಮ ಆಫೀಸಿನ ಬೀಗ ನೋಡೋಕೆ ಬರ್ತಿದ್ದ. ಪತ್ತೇದಾರಿ ಕಾದಂಬರಿ ರುಚಿ ಹತ್ತಿಸಿದ್ದೇ ನಾನು" ಎಂದು ಸಂಪಾದಕರು ಭಾಷಣ ಬಿಗಿಯುತ್ತಿದ್ದಾಗ, "ಹದಿನೆಂಟು ವರ್ಷದಿಂದ ನಿಮ್ಮ ಹೆಸರಲ್ಲಿ ಬರ್ತಿರೋ ವಿಮರ್ಶೆ ಬರೆದದ್ದು ಇವರೇ ಅಂತಾನೂ ಹೇಳಿ ಸಾರ್" ಎಂದಿದ್ದ. ಅಷ್ಟೇ.

"ಅದು ನಿಜ ಸಾರ್," ಎಂದ ಪಕ್ಕದಂಗಡಿಯ ದರ್ಜಿ. "ಒಂದೊಂದು ಸಾಲನ್ನೂ ಮೂರು ಸಲ ಬರೆದು ಹೊಡೆದುಹಾಕೋರು. ನಾನು ಹೊಲಿಗೆ ಬಿಚ್ಚೋ ಹಾಗೆ."

ಯಾರೋ ನಕ್ಕರು. ಅಳಿಯ ಒಂದು ಹೆಜ್ಜೆ ಮುಂದಿಟ್ಟ. ಹೆಣದ ಪಕ್ಕ ಕೂತಿದ್ದ ಅತ್ತೆ ತಲೆ ಎತ್ತದೆಯೇ ಅಂದರು:

"ಸುಮ್ನಿರೋ. ಮಾವ ಮಲಗಿದ್ದಾರೆ."

*

ಒಳಗಿನಿಂದ ಚಿಲಕ ಹಾಕಿದ ಕೋಣೆ, ಒಳಗೊಂದು ಹೆಣ, ಕೊಲೆಗಾರ ಮಾತ್ರ ಮಾಯ. ಅಂಥ ಹಳೇ ಕಾದಂಬರಿಗಳೆಂದರೆ ಮಾವನಿಗೆ ಪ್ರಾಣ. ಆದರೆ ಕುಂತಲ್ಲೇ ಓದಿ ತೀರ್ಪು ಕೊಡುವ ಜಾತಿಯಲ್ಲ ಅವರು. ಪುಸ್ತಕದಲ್ಲಿದ್ದ ಚಿಲಕವನ್ನು ತಾವೇ ಅರ ಹಾಕಿ ಮಾಡಿ, ಅಂಗಡಿಯ ನಡುವಿನ ಆ ಬಾಗಿಲಿಗೆ ಜಡಿದು, ಭಾನುವಾರ ಮಧ್ಯಾಹ್ನ ಕೊಲೆ ನಡೆಸಿ ನೋಡಿದ ಮೇಲೆಯೇ ಪೆನ್ನು ಹಿಡಿಯುತ್ತಿದ್ದರು. ಚಾಪೆಯ ಮೇಲೆ ಹೆಣವಾಗಿ ಮಾವ. ಕೊಲೆಗಾರ ಅಳಿಯ.

"ಹೆಣ ಮಾತಾಡಬಾರದು, ಆದ್ರೂ ಹೇಳ್ತೀನಿ. ಕೈ ನಡುಗ್ತಿದೆ ಕಣೋ ಕೊಲೆಗಾರ. ನಿನ್ನಂಥವನ ಕೈಲಿ ಸಾಯೋಕೂ ನಾಚಿಕೆ."

ಸ್ಕೂಲಿನಲ್ಲಿ ಒಂದು ಪಾಠವನ್ನೂ ನೆಟ್ಟಗೆ ಓದದ ಅಳಿಯ ಈ ಬಾಗಿಲಿನ ದೆಸೆಯಿಂದ ಮುನ್ನೂರು ಪುಸ್ತಕ ಓದಿದ್ದ.

ಕೊನೆಯ ಪುಸ್ತಕದಲ್ಲಿ ಬಾಗಿಲ ಒಳಬದಿಗೆ ಇದ್ದದ್ದು ಬಿಗಿಯಾದ ಕಬ್ಬಿಣದ ಕೊಂಡಿ. ಮೇಲೆತ್ತಿದರೆ ನಿಲ್ಲುತ್ತದೆ, ಬಿದ್ದರೆ ಚೌಕಟ್ಟಿನ ಕೊಕ್ಕೆಯಲ್ಲಿ ಕೂರುತ್ತದೆ. ಕೊಲೆಗಾರ ಅದರಡಿ ಐಸಿನ ಚೂರಿಟ್ಟು ಹೊರಗೆ ಹೋದ, ಐಸು ಕರಗಿ ಕೊಂಡಿ ಬಿತ್ತು ಎನ್ನುತ್ತಾನೆ ಪತ್ತೇದಾರ. ಮಾವ ಹನ್ನೊಂದು ಸಲ ಮಾಡಿಸಿದರು. ಹನ್ನೊಂದು ಸಲವೂ ಐಸು ಕರಗಿ ನೀರಾಯಿತು, ಕೊಂಡಿ ಎತ್ತಿದಲ್ಲೇ ಕಚ್ಚಿಕೊಂಡು ನಿಂತಿತು. ಅಷ್ಟನ್ನೂ ಬರೆದು, "ಇನ್ನೊಂದು ಸಲ ನೋಡಿ ತೀರ್ಪು ಹೇಳುತ್ತೇನೆ" ಎಂದು ಸೇರಿಸಿ ಪತ್ರಿಕೆಗೆ ಕಳಿಸಿದರು.

ಹನ್ನೆರಡನೇ ಸಲ ಕೊಂಡಿ ಎತ್ತಿ ನಿಲ್ಲಿಸುತ್ತಾ ಅಳಿಯ ಕೇಳಿದ:

"ಇದಕ್ಕೂ ಅವರದ್ದೇ ಹೆಸರಾ ಮಾವ?"

"ಬಿಡೋ. ಓದೋರು ಓದ್ತಾರೆ."

"ಏನು ಬಿಡೋದು? ಹದಿನೆಂಟು ವರ್ಷ ಬಿಟ್ಟಿದ್ದು ಸಾಲದಾ?"

ಐಸು ಇಡುವುದನ್ನೂ ಮರೆತು ಆಚೆ ಹೋದವನು ಬಾಗಿಲನ್ನು ದಢಾರನೆ ಬಡಿದ. ಒಳಗೆ 'ಟಕ್' ಎಂದಿತು.

ಹೆಣ ಎದ್ದು ಕುಣಿದಾಡಿತು. "ಬಿತ್ತು! ಐಸೂ ಇಲ್ಲ, ಗೀಸೂ ಇಲ್ಲ! ಕೊಲೆಗಾರ ಸಿಟ್ಟಲ್ಲಿದ್ದ ಕಣೋ, ಬಾಗಿಲು ಬಡಿದು ಹೋದ, ಅಷ್ಟೇ. ಕಾದಂಬರಿ ಬರೆದವನಿಗೆ ಇದು ಗೊತ್ತಿತ್ತು. ಬೇಕಂತಲೇ ಪತ್ತೇದಾರನ್ನ ಪೆದ್ದ ಮಾಡಿದ್ದಾನೆ. ನಾಳೆ ಬರೀತೀನಿ."

ಮಾರನೆಯ ದಿನ ಬೆಳಗ್ಗೆ ಅವರ ಎದೆ ನಿಂತಿತು.

*

ಮಣ್ಣು ಮುಗಿಸಿ ಬಂದಾಗ ಮಧ್ಯಾಹ್ನ ಇಳಿದಿತ್ತು. ಅತ್ತೆ ಚಾಪೆ ಸುತ್ತುತ್ತಿದ್ದರು. ದರ್ಜಿ ನೀರು ತಂದಿಟ್ಟ. ಅಷ್ಟರಲ್ಲಿ ಸಂಪಾದಕರು ಮತ್ತೆ ಬಂದರು, ಕೈಯಲ್ಲಿ ಮಾವನ ಹಾಳೆ.

"ಬೆಳಗ್ಗೆ ಆಡಿದ್ದು ಮನಸ್ಸಿಗೆ ಹಚ್ಕೋಬೇಡ ಕಣಯ್ಯ. ನೋಡು, ಇನ್ನೊಂದು ಸಲ ನೋಡಿ ಹೇಳ್ತೀನಿ ಅಂತ ಅರ್ಧಕ್ಕೆ ನಿಲ್ಲಿಸಿದ್ದಾನೆ. ನಾಳೆ ಪ್ರಿಂಟಿಗೆ ಹೋಗ್ಬೇಕು. ಹನ್ನೆರಡನೇ ಸಲ ಏನಾಯ್ತು? ನೀನಿದ್ದೆಯಂತಲ್ಲ."

"ಕೆಳಗೆ ಮಾವನ ಹೆಸರು ಹಾಕ್ತೀರಾ ಸಾರ್? ಇದೊಂದಕ್ಕಾದ್ರೂ?"

ಸಂಪಾದಕರು ನಕ್ಕರು. "ಬೀಗದವನ ಹೆಸರು ಹಾಕಿದ್ರೆ ಪತ್ರಿಕೆಗೆ ಮರ್ಯಾದೆ ಉಳಿಯುತ್ತೇನಯ್ಯ?"

ಅತ್ತೆಯ ಕೈ ನಿಂತಿತು. ಸುತ್ತಿದ ಚಾಪೆಯನ್ನು ಮೂಲೆಗೆ ಒರಗಿಸಿ, ಅಳಿಯನ ಮುಖ ನೋಡಿದರು.

"ಮಾವ ಎದ್ದು ಹೋದ್ರು ಕಣೋ. ಇನ್ನು ನಿನ್ನಿಷ್ಟ."

"ಅದೆಲ್ಲ ಆಮೇಲೆ," ಎಂದರು ಸಂಪಾದಕರು. "ಕೊಂಡಿ ಬಿತ್ತೋ ಇಲ್ಲವೋ? ಅಷ್ಟು ಹೇಳು ಸಾಕು."

ಅಳಿಯ ಬಾಗಿಲ ಹತ್ತಿರ ಹೋದ. ಕೊಂಡಿಯನ್ನು ಮೇಲೆತ್ತಿ ನಿಲ್ಲಿಸಿದ. ಆಚೆ ದಾಟಿದ. ಬೆಳಗಿನಿಂದ ಹಲ್ಲು ಕಚ್ಚಿ ಹಿಡಿದಿದ್ದನ್ನೆಲ್ಲ ತೋಳಿಗೆ ತಂದು ಬಾಗಿಲನ್ನು ಬಡಿದ. ಗೋಡೆಯ ಕೀಲಿಕೈಗಳೆಲ್ಲ ಒಟ್ಟಿಗೆ ಝಲ್ಲೆಂದವು. ಬೆನ್ನ ಹಿಂದೆ ಟಕ್ ಎಂದಿತು.

"ಏಯ್, ಉತ್ತರ ಕೊಟ್ಟು ಹೋಗಯ್ಯ!"

ಅವನು ಬೀದಿಗಿಳಿದ. ಒಳಗೆ, ಬಿದ್ದ ಕೊಂಡಿ ಕಣ್ಣೆದುರಿಗೇ ಇದ್ದರೂ, ಅಕ್ಕಪಕ್ಕ ಗೋಡೆಯೇ ಇಲ್ಲದ ಬಾಗಿಲನ್ನು ಸಂಪಾದಕರು ಬಡಿಯುತ್ತಲೇ ಇದ್ದರು.